ದಾವಲನ ಎರಡು ದನಿ

ಗಜೇಂದ್ರಗಡ

ನನ್ನ ತಮ್ಮ ದಾವಲ ಹಾಡುವುದನ್ನು ಎದುರಿಗೆ ಕೂತು ಕೇಳಬೇಕೆಂದು ನಾನು ನೆದರ್ಲೆಂಡ್ಸ್ ದೇಶಕ್ಕೆ ಹೋದೆ. ವಾಪಸು ಬಂದ ಮೇಲೆ ರೋಣದ ನಮ್ಮ ಸಾಲೆಯ ಟೀಚರುಗಳು ಕೇಳಿದ್ದು ಬೇರೆ. ಟುಲಿಪ್ ಹೂವಿನ ಹೊಲ ನೋಡಿದಿರೇನು, ಗಾಳಿಗಿರಣಿ ನೋಡಿದಿರೇನು ಎಂದು ಕೇಳಿದರು. ನೋಡಿದೆ ಎಂದೆ. ನಮ್ಮ ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವಂಥ ಗಾಳಿಯಂತ್ರಗಳೇ ಅಲ್ಲಿಯೂ ಇವೆ, ಗುಡ್ಡ ಮಾತ್ರ ಇಲ್ಲ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಉಳಿದದ್ದನ್ನು ಯಾರಿಗೂ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಅಪ್ಪ ಹತ್ತಿ ಹಿಂಜುವ ಕಮಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಸೂಡಿ, ಶಿರೋಳ, ನರಗುಂದದ ತನಕ ತಿರುಗಿ, ಜನರ ಅಂಗಳದಲ್ಲೇ ಕೂತು ಗಾದಿ ಮಾಡಿಕೊಟ್ಟು ಬರುತ್ತಿದ್ದ. ಅಪ್ಪ ಈಗಿಲ್ಲ. ಸಣ್ಣವನಿದ್ದಾಗ ಮೊಹರಂ ಬಂತೆಂದರೆ ದಾವಲ ಕರ್ಬಲದ ಕತೆಯ ರಿವಾಯತ್ ಪದ ಹೇಳುತ್ತಿದ್ದ. ಗಂಡಸರ ಮೇಳದ ದನಿಯೆಲ್ಲ ಒಂದು ಕಡೆ, ಅದರ ಮೇಲೆ ತೇಲುವ ಅವನ ದನಿ ಒಂದು ಕಡೆ. ಮೀಸೆ ಮೂಡಿದ ಮೇಲೆ ಎಲ್ಲ ಹುಡುಗರಂತೆ ಅವನ ದನಿಯೂ ಒಡೆಯಿತು. ಆದರೆ ಒಡೆದದ್ದು ಮಾತಿನ ದನಿ ಮಾತ್ರ. ಮಾತಾಡಿದರೆ ಅಪ್ಪನ ಹಾಗೆ ದಪ್ಪ ಗಂಟಲು, ಹಾಡಲು ಬಾಯಿ ತೆರೆದರೆ ಮೊದಲಿನ ಅದೇ ಎತ್ತರದ ದನಿ. ಪುರ್ತಗೇರಿಯ ಒಂದು ನಾಟಕದಲ್ಲಿ ಪರದೆಯ ಹಿಂದೆ ನಿಂತು ನಾಯಕಿಯ ಪದ ಹಾಡಿದಾಗ ಜನ ಮತ್ತೊಮ್ಮೆ ಮತ್ತೊಮ್ಮೆ ಎಂದು ಹಾಡಿಸಿದರು. ಹಾಡಿದವನು ಗಂಡುಹುಡುಗ ಎಂದು ಗೊತ್ತಾದ ಮೇಲೆ ನಕ್ಕರು. ಆ ನಗು ಗಜೇಂದ್ರಗಡದ ನಮ್ಮ ಓಣಿಯವರೆಗೂ ಬಂತು. ಅವನು ಊರಲ್ಲಿ ಹಾಡುವುದನ್ನೇ ಬಿಟ್ಟ.

ಧಾರವಾಡದಲ್ಲಿ ಕಾಲೇಜು ಓದುವಾಗ ಒಬ್ಬ ಗೆಳೆಯನ ಜೊತೆ ಚರ್ಚಿನ ಹಾಡಿನ ತಂಡ ಸೇರಿದ. ಅಲ್ಲಿಗೆ ಬಂದಿದ್ದ ಹೊರದೇಶದ ಸಂಗೀತ ಗುರುಗಳು ಇವನ ದನಿ ಕೇಳಿ, ನಮ್ಮ ಕಡೆ ಇದಕ್ಕೆ ಕೌಂಟರ್‌ಟೆನರ್ ಅನ್ನುತ್ತಾರೆ ಎಂದರಂತೆ. ಹೆಂಗಸರ ಎತ್ತರದಲ್ಲಿ ಹಾಡುವ ಗಂಡಸು. ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಬರೋಕ್ ಎಂಬ ಕಾಲದಲ್ಲಿ ಹುಟ್ಟಿದ ಎಷ್ಟೋ ಹಾಡುಗಳನ್ನು ಈಗ ಇಂಥ ದನಿಯವರು ಹಾಡುತ್ತಾರಂತೆ. ಅವತ್ತು ದಾವಲ ಧಾರವಾಡದಿಂದ ಫೋನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅಕ್ಕಾ, ನನ್ನಂಥಾವ್ರು ಇನ್ನೂ ಮಂದಿ ಅದಾರಂತ. ಅದಕ್ಕೊಂದು ಹೆಸರೂ ಐತಂತ."

ಆ ಗುರುಗಳೇ ದಾರಿ ಮಾಡಿಕೊಟ್ಟರು. ನೆದರ್ಲೆಂಡ್ಸಿನ ಊಟ್ರೆಕ್ಟ್ ಎಂಬ ಊರಿಗೆ ಹೋಗಿ ಕಲಿತ. ಕಲಿತಾದ ಮೇಲೆ ಮಕ್ಕಳಿಗೆ ಹಾಡು ಹೇಳಿಕೊಡುತ್ತ, ಸಣ್ಣಪುಟ್ಟ ಕಛೇರಿಗಳಲ್ಲಿ ಹಾಡುತ್ತ ಅಲ್ಲೇ ಉಳಿದ. ಕಳೆದ ವರ್ಷ ದೀಪಾವಳಿ ಹೊತ್ತಿಗೆ ಫೋನು ಬಂತು.

"ರೆಕಾರ್ಡಿಂಗ್ ಐತಿ ಅಕ್ಕಾ. ಪೂರಾ ಒಂದು ಆಲ್ಬಮ್. ನಾ ಒಬ್ಬನ ಹಾಡಾಂವ. ನಮ್ಮ ಮನ್ಯಾಗಿನವ್ರು ಒಬ್ಬರರೆ ಎದರಿಗೆ ಕುಂತು ಕೇಳಬೇಕು. ನೀ ಬಾ."

ರೆಕಾರ್ಡಿಂಗ್ ಗೊತ್ತಾದದ್ದು ಬೇಸಿಗೆ ಸೂಟಿಯಲ್ಲೇ. ನಮ್ಮ ಯಜಮಾನರು ಹೋಗಿ ಬಾ ಎಂದರು. ಅವ್ವನಿಗೆ ಮೊಣಕಾಲು ನೋವು, ಗಜೇಂದ್ರಗಡ ಬಿಟ್ಟು ರೋಣಕ್ಕೆ ಬರುವುದೇ ಕಷ್ಟ. ಅವಳು ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಕಟ್ಟಿಕೊಟ್ಟು, "ಸೊರಗ್ಯಾನೇನ ನೋಡು. ಸೊರಗಿದ್ರ ನನಗ ಖರೇ ಹೇಳು," ಎಂದಳು.

ವಿಮಾನ ಇಳಿದಲ್ಲಿ

ಮೊದಲ ಫಜೀತಿ ಆ ಹಿಟ್ಟಿನಿಂದಲೇ ಆಯಿತು. ಎತ್ತರದ ಒಬ್ಬ ಅಧಿಕಾರಿ ನನ್ನ ಚೀಲ ತೆರೆಸಿ, ಜೋಳದ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ಇದು ಏನು ಎಂದು ಕೇಳಿದ. ನನ್ನ ಇಂಗ್ಲಿಷು ಸಾಲೆಯ ಇನ್ಸ್‌ಪೆಕ್ಷನ್ನಿಗೆ ಸಾಕಾಗುವಷ್ಟೇ. ರೊಟ್ಟಿ, ರೊಟ್ಟಿ ಎಂದು ಎರಡೂ ಅಂಗೈ ತಟ್ಟಿ ತೋರಿಸಿದೆ. ನಾನು ಚಪ್ಪಾಳೆ ಹೊಡೆಯುತ್ತಿದ್ದೇನೆ ಎಂದು ತಿಳಿದು ಪಕ್ಕದ ಇನ್ನೊಬ್ಬನನ್ನು ಕರೆದ. ಚಟ್ನಿ ಪುಡಿಯನ್ನು ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದ ಮೇಲೆ ಇಬ್ಬರೂ ಚೀಲವನ್ನು ನನಗಿಂತ ಅಚ್ಚುಕಟ್ಟಾಗಿ ಮಡಚಿ ಕೊಟ್ಟರು.

ಹೊರಗೆ ದಾವಲ ನಿಂತಿದ್ದ. ಸೊರಗಿದ್ದ. ಕೊರಳಿಗೆ ಉಣ್ಣೆಯ ವಸ್ತ್ರ ಎರಡು ಸುತ್ತು ಸುತ್ತಿಕೊಂಡಿದ್ದ, ಕೈಯಲ್ಲಿ ನೀರಿನ ಬಾಟಲಿ. ನನ್ನನ್ನು ತಬ್ಬಿಕೊಂಡವನು ಮೊದಲು ಕೆಮ್ಮಿದ, ಆಮೇಲೆ ಮಾತಾಡಿದ.

"ಕೆಮ್ಮ ಯಾಕೋ?"

"ಹವಾ ಬದಲ್ ಆಗೈತಿ ಅಕ್ಕಾ. ಎಲ್ಲಾರಿಗೂ ಐತಿ."

ರೈಲಿನಲ್ಲಿ ಅವನು ಬಹಳ ಮಾತಾಡಲಿಲ್ಲ. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ನರಗುಂದ ಬಸ್ಸಿನಲ್ಲಿ ಪಕ್ಕದವರ ಮಗಳ ಲಗ್ನ ಯಾವ ಊರಿಗೆ ಗೊತ್ತಾಗಿದೆ ಎಂಬುದು ಇಳಿಯುವುದರೊಳಗೆ ತಿಳಿದಿರುತ್ತದೆ. ಇಲ್ಲಿ ಎದುರಿಗೆ ಕೂತವರ ಮುಖವನ್ನು ನೋಡಿದರೂ ತಪ್ಪಾಯಿತೇನೋ ಎನ್ನಿಸುತ್ತಿತ್ತು. ಈ ದೇಶದಲ್ಲಿದ್ದು ಇವರ ಹಾಗೇ ಆಗಿದ್ದಾನೆ ಎಂದುಕೊಂಡೆ.

ಊಟ್ರೆಕ್ಟ್

ಅವನ ಕೋಣೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಏಣಿಯಷ್ಟು ಕಡಿದು, ಸೀರೆ ಎತ್ತಿ ಹಿಡಿದು ಹತ್ತಬೇಕು. ಎದುರು ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಅವರು ಉಣ್ಣುವುದು, ಓದುವುದು, ಮಕ್ಕಳಿಗೆ ಗದರಿಸುವುದು ಎಲ್ಲ ಕಾಣುತ್ತದೆ. ಯಾರೂ ನೋಡುವುದಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ.

ರೊಟ್ಟಿ ಬಡಿದೆ. ಕೆಳಮನೆಯವರು ಬಂದು ಏನಾದರೂ ರಿಪೇರಿ ನಡೆದಿದೆಯೇ ಎಂದು ಕೇಳಿ ಹೋದರು. ದಾವಲ ನಗುತ್ತ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ. ಮೊದಲು ಬೇಡ ಎಂದಿದ್ದ, ಖಾರ ಗಂಟಲಿಗೆ ಆಗುವುದಿಲ್ಲ ಎಂದಿದ್ದ. "ಅವ್ವ ಕೊಟ್ಟಾಳ, ಒಂಚೂರು ತಿನ್ನು," ಎಂದು ನಾನೇ ಒತ್ತಾಯ ಮಾಡಿದೆ.

ಮರುದಿನ ಅವನು ಅಭ್ಯಾಸಕ್ಕೆ ಕೂತಾಗ ಬಾಯಿ ಮುಚ್ಚಿಕೊಂಡೇ ಗುನುಗಿದ. ಪೂರಾ ದನಿ ಬಿಡಲಿಲ್ಲ. ಉಳಿಸಿಟ್ಟಿದ್ದೇನೆ ಎಂದ.

ಉತ್ತರದ ಹಳ್ಳಿ, ಮೊದಲ ದಿನ

ರೆಕಾರ್ಡಿಂಗ್ ಇದ್ದದ್ದು ದೇಶದ ಉತ್ತರದ ತುದಿಯ ಒಂದು ಹಳ್ಳಿಯ ಹಳೆಯ ಚರ್ಚಿನಲ್ಲಿ. ನೆಲ ನಮ್ಮ ರೋಣದ ಎರೆ ಹೊಲದ ಹಾಗೆ ಕಣ್ಣು ಹಾಯುವಷ್ಟು ದೂರ ಚಪ್ಪಟೆ, ಬಣ್ಣ ಮಾತ್ರ ಹಸಿರು. ಹೊಲಕ್ಕೊಂದು ಕಾಲುವೆ, ಕಾಲುವೆ ತುಂಬ ನೀರು. ಸಮುದ್ರ ಉಕ್ಕಿದಾಗ ಮುಳುಗದಿರಲಿ ಎಂದು ಹಿಂದಿನವರು ಮಣ್ಣಿನ ದಿಬ್ಬ ಹಾಕಿ ಅದರ ಮೇಲೆ ಚರ್ಚು ಕಟ್ಟಿದ್ದಾರೆ. ದಿಬ್ಬದ ಸುತ್ತ ಗೋರಿಗಳು. ಊರು ಎಂದರೆ ಹತ್ತಿಪ್ಪತ್ತು ಮನೆ.

ದಾವಲನ ಜೊತೆ ವಾದ್ಯ ನುಡಿಸುವ ತಂಡದ ಯಜಮಾನಿ ಮರೈಕೆ. ಐವತ್ತು ದಾಟಿದ, ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಹಾರ್ಪ್ಸಿಕಾರ್ಡ್ ನುಡಿಸುತ್ತಾಳೆ. ನೋಡಲು ಪಿಯಾನೋದ ಹಾಗೆ ಇದ್ದರೂ ಒಳಗೆ ತಂತಿಯನ್ನು ಮೀಟಿ ಸಣ್ಣ ದನಿ ಹೊರಡಿಸುವ ವಾದ್ಯ. ಜೊತೆಗೆ ಎರಡು ಪಿಟೀಲು, ಮಂಡಿಯ ನಡುವೆ ಹಿಡಿದು ನುಡಿಸುವ ಒಂದು ದೊಡ್ಡ ಪಿಟೀಲು, ಆಳಿಗಿಂತ ಉದ್ದ ಕೊರಳಿನ ಒಂದು ವೀಣೆಯಂಥದ್ದು. ರೆಕಾರ್ಡ್ ಮಾಡುವವನು ಯೋಸ್ಟ್, ಪಕ್ಕದ ಸಣ್ಣ ಕೋಣೆಯಲ್ಲಿ ಯಂತ್ರಗಳ ಮುಂದೆ ಕೂತಿರುತ್ತಾನೆ. ಅವನ ಮಾತು ಸ್ಪೀಕರಿನಿಂದ ಬರುತ್ತದೆ.

ಚರ್ಚಿನ ಗಡಿಯಾರವನ್ನು ನಿಲ್ಲಿಸಿದ್ದರು. ಸದ್ದು ಮಾಡುತ್ತದೆಂದು ಹೀಟರ್ ಬಂದ್. ಪಕ್ಕದ ಹೊಲದವನು ಈ ವಾರ ಸಂಜೆಯ ತನಕ ಟ್ರ್ಯಾಕ್ಟರ್ ಹೊರಗೆ ತೆಗೆಯುವುದಿಲ್ಲ ಎಂದು ಒಪ್ಪಿಕೊಂಡಿದ್ದನಂತೆ. ಶಿರೋಳದಲ್ಲಿ ಹೀಗೆ ಯಾರಿಗಾದರೂ ಹೇಳಿದ್ದರೆ ಏನಾಗುತ್ತಿತ್ತು ಎಂದು ನೆನೆದು ನಗು ಬಂತು. ಆದರೆ ಕುರಿಗಳಿಗೆ ಯಾರೂ ಹೇಳಿರಲಿಲ್ಲ. ಹಾಡು ಚೆಂದ ಏರುತ್ತಿರುವಾಗಲೇ ಹೊರಗೆ ಮರಿಗಳು ಅರಚುತ್ತಿದ್ದವು. "ಕುರಿ. ಇನ್ನೊಮ್ಮೆ," ಎಂದು ಯೋಸ್ಟನ ದನಿ ಬರುತ್ತಿತ್ತು.

ಕುರಿ ಸುಮ್ಮನಾದ ಮೇಲೆ ಯೋಸ್ಟ್ ಬೇರೆ ಒಂದು ಸದ್ದು ಹುಡುಕತೊಡಗಿದ. ಕಿಣಿ ಕಿಣಿ ಎನ್ನುತ್ತಿದೆ ಎಂದ. ಎಲ್ಲರೂ ಸುತ್ತ ನೋಡಿದರು. ಅದು ನನ್ನ ಹಸಿರು ಬಳೆ. ಚಳಿಗೆ ನನ್ನ ಕೈ ನಡುಗುತ್ತಿತ್ತು. ಮರೈಕೆ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, ಅವನ್ನು ತೆಗೆದಿಡಬಹುದೇ ಎಂದು ಕೇಳಿದಳು. ಗಂಡ ಇದ್ದವಳು ಬಳೆ ತೆಗೆದು ಕೈ ಬರಿದು ಮಾಡಿಕೊಳ್ಳುವುದು ನಮ್ಮಲ್ಲಿ ಎಂಥ ಮಾತು ಎಂದು ಅವಳಿಗೆ ಹೇಗೆ ಹೇಳಲಿ. ದಾವಲ ಅರ್ಥ ಮಾಡಿಕೊಂಡು ತನ್ನ ಕೊರಳ ವಸ್ತ್ರ ಬಿಚ್ಚಿ ನನ್ನ ಎರಡೂ ಕೈಗಳಿಗೆ ಬಳೆಯ ಮೇಲಿಂದಲೇ ಸುತ್ತಿದ. ಹಾಗೆ ಕೈ ಕಟ್ಟಿಸಿಕೊಂಡು ನಾನು ಮೂಲೆಯ ಬೆಂಚಿನಲ್ಲಿ ಕೂತೆ.

ಆಮೇಲೆ ಅವನು ಹಾಡಿದ.

ಲ್ಯಾಟಿನ್ ಭಾಷೆಯ ಹಾಡು. ಸತ್ತ ಮಗನ ಮುಂದೆ ನಿಂತ ತಾಯಿಯ ಅಳು ಎಂದು ದಾವಲ ನನಗೆ ಮೊದಲೇ ಹೇಳಿದ್ದ. ಒಂದು ಮಾತೂ ತಿಳಿಯಲಿಲ್ಲ. ಕಪ್ಪು ಸ್ವೆಟರ್ ತೊಟ್ಟ, ಗಡ್ಡದಲ್ಲಿ ಅಲ್ಲಲ್ಲಿ ನೆರೆ ಮೂಡಿದ ನನ್ನ ತಮ್ಮ ಕಣ್ಣು ಮುಚ್ಚಿ ಬಾಯಿ ತೆರೆದ. ದನಿ ಅವನಿಂದ ಬಂದ ಹಾಗೆಯೇ ಇರಲಿಲ್ಲ. ಮೇಲಿನ ಮರದ ತೊಲೆಗಳಿಂದ ಇಳಿದ ಹಾಗಿತ್ತು. ಮೊಹರಂನಲ್ಲಿ ನಾನು ಕೇಳಿದ ದನಿ ಇದೇ, ಆದರೆ ಆಗ ಅದಕ್ಕೆ ನಿಲ್ಲಲು ಜಾಗವಿರಲಿಲ್ಲ. ಇಲ್ಲಿ ಕಲ್ಲಿನ ಗೋಡೆ ಅದನ್ನು ಹಿಡಿದುಕೊಂಡು ನಿಧಾನವಾಗಿ ಬಿಡುತ್ತಿತ್ತು. ಹಾಡು ಮುಗಿಯಿತು. ಸ್ಪೀಕರಿನಿಂದ ಯೋಸ್ಟ್, "ಇದು ಆಯಿತು," ಎಂದ. ಅಷ್ಟೇ. ಅವರಲ್ಲಿ ಹೊಗಳುವುದು ಎಂದರೆ ಅಷ್ಟೇ ಅಂತೆ.

ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಡಬ್ಬಿ ತೆಗೆದು ಬ್ರೆಡ್ಡಿನ ನಡುವೆ ಚೀಸ್ ಇಟ್ಟುಕೊಂಡು ತಿಂದರು. ಯಾರೂ ಯಾರ ಡಬ್ಬಿಗೂ ಕೈ ಹಾಕಲಿಲ್ಲ, ಇಷ್ಟು ತಗೊಳ್ಳಿ ಎನ್ನಲಿಲ್ಲ. ದಾವಲ ಊಟವನ್ನೇ ಮಾಡಲಿಲ್ಲ. ಗೋರಿಗಳ ನಡುವೆ ಒಬ್ಬನೇ ನಡೆಯುತ್ತ, ಗಂಟಲ ಮೇಲೆ ಕೈಯಿಟ್ಟುಕೊಂಡು, ಏನನ್ನೋ ನುಂಗಿ ನುಂಗಿ ನೋಡುತ್ತಿದ್ದ.

ಎರಡನೆಯ ದಿನ

ಅವತ್ತಿನ ಹಾಡಿನಲ್ಲಿ ಒಂದು ಸಾಲು ಬಹಳ ಎತ್ತರಕ್ಕೆ ಹೋಗಿ ಅಲ್ಲೇ ನಿಲ್ಲಬೇಕಿತ್ತು. ಬೆಳಿಗ್ಗೆಯಿಂದ ಅದೊಂದೇ ಸಾಲು. ಒಮ್ಮೆ ವಿಮಾನ ಹೋಯಿತು, ಒಮ್ಮೆ ಪಿಟೀಲಿನ ತಂತಿ ಚಳಿಗೆ ಇಳಿಯಿತು, ಒಮ್ಮೆ ದಾವಲನೇ ಕೈ ಎತ್ತಿ ನಿಲ್ಲಿಸಿದ. "ಇನ್ನೊಮ್ಮೆ." ನಮ್ಮಲ್ಲಿ ಹಾಡುವವರು ಒಂದು ಸಾಲನ್ನು ಹತ್ತು ರೀತಿ ಹಾಡಿ ಬೆಳೆಸುತ್ತಾರೆ, ಇವರು ಹತ್ತು ಸಲವೂ ಒಂದೇ ರೀತಿ ಹಾಡಿಸಿ ಅದರಲ್ಲಿ ಒಂದನ್ನು ಆರಿಸುತ್ತಾರೆ.

ಮಧ್ಯಾಹ್ನದ ಬಿಡುವಿನ ನಂತರ ಮತ್ತೆ ಅದೇ ಸಾಲು. ದನಿ ಏರಿತು, ಮೇಲಿನ ಸ್ವರಕ್ಕೆ ಮುಟ್ಟಿತು, ಇಲ್ಲವಾಯಿತು. ಒಡೆಯಲಿಲ್ಲ, ಕೀರಲಿಲ್ಲ. ದೀಪ ಹೋದ ಹಾಗೆ ಹೋಯಿತು. ಬಾಯಿ ತೆರೆದೇ ಇತ್ತು, ಬರೀ ಗಾಳಿ ಬಂತು.

ಪಿಟೀಲುಗಳು ಒಂದೊಂದಾಗಿ ನಿಂತವು. ದಾವಲ ಕ್ಷಮೆ ಕೇಳುವ ಹಾಗೆ ನಕ್ಕು, ನೀರು ಕುಡಿದು, ಮತ್ತೆ ಮಾಡೋಣ ಎಂದು ಸನ್ನೆ ಮಾಡಿದ. ಮರೈಕೆ ಮತ್ತೆ ನುಡಿಸಿದಳು. ಮತ್ತೆ ಗಾಳಿ. ಮೂರನೆಯ ಸಲಕ್ಕೆ ಅವನು ಹಾಡಲು ಬಾಯಿ ತೆರೆಯಲಿಲ್ಲ. ನನ್ನ ಕಡೆ ತಿರುಗಿ "ಅಕ್ಕಾ" ಎಂದ. ತುಟಿ ಅಲುಗಿದ್ದು ಕಂಡಿತು, ಸದ್ದು ಬರಲಿಲ್ಲ.

ನಾನು ಕೈಗೆ ಸುತ್ತಿದ್ದ ವಸ್ತ್ರ ಕಿತ್ತೆಸೆದು ಓಡಿದೆ. ಬಳೆಗಳ ಸದ್ದು ಇಡೀ ಚರ್ಚಿಗೆ ಕೇಳಿತು.

ದವಾಖಾನೆ

ಊಟ್ರೆಕ್ಟ್‌ಗೆ ಮರಳಿ ಮರುದಿನ ಬೆಳಿಗ್ಗೆ ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಆಕೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ, ಮುತ್ತಿನ ಬಣ್ಣದ ಎರಡು ಪಟ್ಟಿ ಇರಬೇಕಿತ್ತು. ಒಂದು ಹಾಗೇ ಇತ್ತು. ಇನ್ನೊಂದು ಪೂರಾ ಕೆಂಪಗಿತ್ತು. ಒಳಗೆ ಸಣ್ಣ ರಕ್ತನಾಳ ಒಡೆದಿದೆ ಎಂದರು.

ನನ್ನ ತಲೆಯಲ್ಲಿ ಒಂದೇ ಯೋಚನೆ. "ಡಾಕ್ಟರ್, ನಾನು ಖಾರದ ಚಟ್ನಿ ತಿನ್ನಿಸಿದೆ," ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನನ್ನ ಭುಜ ಮುಟ್ಟಿ, ಚಟ್ನಿಯಿಂದ ಹೀಗಾಗುವುದಿಲ್ಲ ಎಂದರು. ಆಮೇಲೆ ದಾವಲನ ಕಡೆ ತಿರುಗಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು.

"ಆ ನಾಳ ಊದಿಕೊಂಡಿದೆ, ಹಾಡು ನಿಲ್ಲಿಸು ಎಂದು ಚಳಿಗಾಲದಲ್ಲೇ ಹೇಳಿದ್ದೆ. ನೀನು ನಿಲ್ಲಿಸುತ್ತೇನೆ ಎಂದಿದ್ದೆ."

ದಾವಲ ನೆಲ ನೋಡುತ್ತ ಕೂತ. ಇನ್ನು ಮುಂದೆ ಅವರು ಹೇಳುವವರೆಗೆ ಒಂದು ಮಾತು ಕೂಡ ಆಡಬಾರದು, ಪಿಸುಮಾತೂ ಕೂಡದು, ಕೆಮ್ಮನ್ನೂ ತಡೆಯಬೇಕು ಎಂದು ಕಟ್ಟಪ್ಪಣೆ ಮಾಡಿ ಕಳಿಸಿದರು.

ಹೊರಗೆ ಕಾಲುವೆಯ ದಂಡೆಯ ಮೇಲೆ ಒಂದು ಬೆಂಚು. ಅಲ್ಲಿ ಕೂತೆವು. ನನಗೆ ಸಿಟ್ಟು ಬಂದಿತ್ತು.

"ಗೊತ್ತಿದ್ದೂ ಗೊತ್ತಿದ್ದೂ ಹಾಡಿದೇನ? ಮುಂದಕ್ ಹಾಕ್ರಿ ಅಂತ ಆ ಮರೈಕೆಗೆ ಹೇಳಾಕ ಏನಾಗಿತ್ತು?"

ಅವನು ಮೊಬೈಲು ತೆಗೆದು ಬೆರಳಾಡಿಸಿ ನನ್ನ ಮುಂದೆ ಹಿಡಿದ. ನಮ್ಮ ಮಾತಿನಲ್ಲೇ ಬರೆದಿದ್ದ. "ಮುಂದಕ್ ಹಾಕಿದ್ರ ಬ್ಯಾರೆಯವ್ರನ್ನ ಕರೀತಿದ್ರು. ಮತ್ತ ನೀ ಹೊಂಟು ನಿಂತಿದ್ದಿ. ಸಾಲ್ಯಾಗ ಎಲ್ಲಾರಿಗೂ ಹೇಳಿದ್ದಿ. ಹ್ಯಾಂಗ ಬ್ಯಾಡ ಅನ್ಲಿ."

ನಾನು ಅದನ್ನು ಎರಡು ಸಲ ಓದಿದೆ. ಕಾಲುವೆಯಲ್ಲಿ ಬಾತುಕೋಳಿಗಳು ತಮ್ಮ ಪಾಡಿಗೆ ತೇಲುತ್ತಿದ್ದವು. ನಾನು ಬರದಿದ್ದರೆ ಇವನ ದನಿ ಉಳಿಯುತ್ತಿತ್ತೋ ಏನೋ. ಇವತ್ತಿಗೂ ರೋಣದಲ್ಲಿ ತರಗತಿಯ ನಡುವೆ ಮಕ್ಕಳು ಬರೆಯುತ್ತಿರುವಾಗ ಈ ಮಾತು ಬಂದು ಎದುರಿಗೆ ನಿಲ್ಲುತ್ತದೆ.

ಮಧ್ಯಾಹ್ನ ಮರೈಕೆ ಅಷ್ಟು ದೂರದಿಂದ ರೈಲು ಹಿಡಿದು ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತು, ಚಹಾ ಬೇಡ ಎಂದು, ನೇರವಾಗಿ ಹೇಳಿದಳು.

"ನಿನ್ನ ಬದಲು ಹಾಡಲು ಹೆಲೆನ್ ಅನ್ನು ಕರೆದಿದ್ದೇವೆ. ನಾಳೆ ಬರುತ್ತಾಳೆ. ಚರ್ಚು ನಮಗೆ ಸಿಗುವುದು ಈ ವಾರ ಮಾತ್ರ. ನೀನು ಹಾಡಿದ ಹಾಡನ್ನೂ ಅವಳೇ ಮತ್ತೆ ಹಾಡಬೇಕಾಗುತ್ತದೆ, ಒಂದು ಆಲ್ಬಮ್ಮಿಗೆ ಎರಡು ದನಿ ಆಗುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಬಾರದು ಎಂದು ಬಂದೆ."

ಅವಳ ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಒಂದಿಷ್ಟೂ ಅಲುಗಲಿಲ್ಲ. ನಮ್ಮ ಕಡೆಯಾಗಿದ್ದರೆ ಇಂಥ ಮಾತನ್ನು ಎದುರಿಗೆ ಆಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಆರಾಮಾಗಿ ಗುಣಾಗು ಎಂದು ಹೇಳಿ ಹೋಗಿ, ಹಿಂದಿನಿಂದ ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ಯಾವುದು ಒಳ್ಳೆಯದೋ ನನಗೆ ತಿಳಿಯದು. ಅವತ್ತು ಅವಳ ಮೇಲೆ ನನಗೆ ಬಹಳ ಕೋಪ ಬಂದಿತ್ತು. ದಾವಲ ಎದ್ದು ಹೋಗಿ, ತಾನು ಪೆನ್ಸಿಲಿನಿಂದ ಗುರುತು ಮಾಡಿದ್ದ ಹಾಡಿನ ಹಾಳೆಗಳನ್ನು ತಂದು ಅವಳ ಕೈಯಲ್ಲಿಟ್ಟ.

ಮತ್ತೆ ಆ ಹಳ್ಳಿ

ಹೋಗಬೇಡ ಎಂದು ನಾನು ಹೇಳಿದೆ. ಅವನು ಕೇಳಲಿಲ್ಲ. ಮರುದಿನ ಇಬ್ಬರೂ ಹೋದೆವು. ಅವನು ಮಾತಾಡುವಂತಿಲ್ಲವಾದ್ದರಿಂದ ರೈಲಿನಲ್ಲಿ ಟಿಕೆಟ್ ಕೇಳಿದವರಿಗೆ, ದಾರಿಯಲ್ಲಿ ಗುರುತು ಹಿಡಿದು ಮಾತಾಡಿಸಿದವರಿಗೆ ನಾನೇ ಉತ್ತರ ಹೇಳಬೇಕಾಯಿತು. ಅವರ ಭಾಷೆ ಬಲ್ಲವನು ಬಾಯಿ ಮುಚ್ಚಿ ನಿಂತಿದ್ದ, ಬಾರದ ನಾನು ಅವನ ಬಾಯಿಯಾಗಿದ್ದೆ. "ತಮ್ಮ. ದನಿ ಇಲ್ಲ," ಎನ್ನುತ್ತಿದ್ದೆ. ನೋ ವಾಯ್ಸ್. ಎಷ್ಟು ಜನಕ್ಕೆ ಹೇಳಿದೆನೋ.

ಚರ್ಚಿನ ಬಾಗಿಲಲ್ಲೇ ದೊಡ್ಡ ಪಿಟೀಲಿನವನು ಎದುರಾಗಿ ನನ್ನ ಕೈ ಕುಲುಕಿದ. ಹಿಂದೆಯೇ ಇನ್ನಿಬ್ಬರು ಬಂದು ಕೈ ಕುಲುಕಿ ಅಭಿನಂದನೆ ಎಂದರು. ಏನೂ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಅವತ್ತು ಆ ದೊಡ್ಡ ಪಿಟೀಲಿನವನ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬ ಯಾರದೇ ಇರಲಿ, ಹತ್ತಿರ ಇದ್ದವರಿಗೆಲ್ಲ ಅಭಿನಂದನೆ ಹೇಳುವುದು ರೂಢಿ. ಮೇಜಿನ ಮೇಲೆ ಕೇಕ್ ಇತ್ತು. ನನಗೂ ದಾವಲನಿಗೂ ಒಂದೊಂದು ತುಂಡು ಕೊಟ್ಟರು. ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಹಸಿವಾಗಿತ್ತು, ಇಳಿಯಿತು.

ಹೆಲೆನ್ ಸಣ್ಣ ವಯಸ್ಸಿನ ಹುಡುಗಿ, ಕೆಂಪು ಕೂದಲು. ದಾವಲನ ಮುಖ ನೋಡಲು ಅಂಜುತ್ತಿದ್ದಳು. ಅವನೇ ಹತ್ತಿರ ಹೋಗಿ ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿ ಉಸಿರು ತೆಗೆದುಕೊ, ಇಲ್ಲಿ ಬೇಡ ಎಂದು ಎದೆಯ ಮೇಲೆ ಕೈ ಏರಿಸಿ ಇಳಿಸಿ ತೋರಿಸಿದ. ಅವಳು ತಲೆಯಾಡಿಸಿದಳು. ಆಮೇಲೆ ಅವನು ಬಂದು ಮೂಲೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತ.

ಅವಳು ಕೆಟ್ಟದಾಗಿ ಹಾಡಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಇನ್ನೊಬ್ಬರ ದೇವರ ಮನೆಯಲ್ಲಿ ಕೂತು ಇಂಥದ್ದನ್ನು ಬೇಡಿಕೊಂಡೆ. ಅವಳು ಬಹಳ ಚಲೋ ಹಾಡಿದಳು. ಆ ಎತ್ತರದ ಸಾಲನ್ನು ಎರಡನೆಯ ಸಲಕ್ಕೇ ಹಾಡಿ ಮುಗಿಸಿದಳು. ಕುರಿಗಳೂ ಸುಮ್ಮನಿದ್ದವು. "ಇದು ಆಯಿತು," ಎಂದ ಯೋಸ್ಟ್. ದಾವಲನ ಕಡೆ ನೋಡಿದೆ. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು, ಅವಳ ಜೊತೆ ಒಳಗೊಳಗೇ ಹಾಡುತ್ತಿದ್ದವನ ಹಾಗೆ. ನಾನು ಅವನ ಕೈ ಗಟ್ಟಿಯಾಗಿ ಹಿಡಿದೆ. ಒಳಗೂ ಹಾಡಬೇಡ ಎಂದು ಹೇಗೆ ಹೇಳುವುದು.

ಸಂಜೆ ಎಲ್ಲರೂ ವಾದ್ಯ ಕಟ್ಟುತ್ತಿದ್ದಾಗ ಯೋಸ್ಟ್ ನಮ್ಮಿಬ್ಬರನ್ನು ತನ್ನ ಕೋಣೆಗೆ ಕರೆದ. ಮೊದಲ ದಿನ ದಾವಲ ಹಾಡಿದ ಪೂರ್ತಿ ಹಾಡು ಯಂತ್ರದಲ್ಲಿತ್ತು. ಆಲ್ಬಮ್ಮಿಗೆ ಬೇಡವಾದ್ದರಿಂದ ನಿಮಗೆ ಒಂದು ಪ್ರತಿ ಕೊಡುತ್ತೇನೆ, ಊರಿಗೆ ಒಯ್ಯಿರಿ ಎಂದು ನನಗೆ ಹೇಳಿ, ಕಿವಿಗೆ ಹೆಡ್‌ಫೋನ್ ಇಟ್ಟ. ನಾನು ಕೇಳಿದೆ. ಚರ್ಚಿನಲ್ಲಿ ದೂರದಿಂದ ಕೇಳಿದ್ದು ಈಗ ಕಿವಿಯ ಒಳಗೇ ಇತ್ತು. ಸಾಲಿನ ಮೊದಲು ಅವನು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ನನಗೆ ಅಳು ತಡೆಯಲಾಗಲಿಲ್ಲ.

ಹೆಡ್‌ಫೋನ್ ತೆಗೆದಾಗ ದಾವಲ ಯೋಸ್ಟನ ಮುಂದೆ ನಿಂತು ಬೇಡ ಎಂದು ತಲೆಯಾಡಿಸುತ್ತಿದ್ದ. ಯೋಸ್ಟ್ ನನ್ನ ಕಡೆ ನೋಡಿದ.

"ಇರಲಿ ಬಿಡೋ," ಎಂದೆ. "ಅವ್ವಗರೆ ಕೇಳಸ್ತೀನಿ."

ಅವನು ಮೊಬೈಲಿನಲ್ಲಿ ಬರೆದು ತೋರಿಸಿದ. "ಅದನ್ನ ಕೇಳ್ಕೋತ ಬದುಕಾಕ ನನ್ನ ಕೈಲೆ ಆಗಂಗಿಲ್ಲ."

ಯೋಸ್ಟ್ ಮತ್ತೊಮ್ಮೆ ಕೇಳಿದ. ದಾವಲ ತಾನೇ ಕೈ ಚಾಚಿ ಅಳಿಸುವ ಗುಂಡಿ ಒತ್ತಿದ. ಖಾತ್ರಿಯೇ ಎಂದು ಯಂತ್ರ ಕೇಳಿತು. ಇನ್ನೊಮ್ಮೆ ಒತ್ತಿದ. ಹೊರಗೆ ಯಾರೋ ಗಡಿಯಾರಕ್ಕೆ ಮತ್ತೆ ಕೀಲಿ ಕೊಟ್ಟಿರಬೇಕು, ಗೋಪುರದಿಂದ ಗಂಟೆ ಹೊಡೆಯತೊಡಗಿತು.

ಊಟ್ರೆಕ್ಟ್, ಮಾತು

ಟಿಕೆಟ್ ಮುಂದೂಡಿ ಸೂಟಿ ಮುಗಿಯುವವರೆಗೆ ಅವನ ಜೊತೆಗಿದ್ದೆ. ಮಾತಿಲ್ಲದ ದಿನಗಳು. ನಾನು ಸೀರೆ ಮೇಲೆ ಅವನ ಹಳೆಯ ಕೋಟು ತೊಟ್ಟು ಅಂಗಡಿಗೆ ಹೋಗಿ ಬರುತ್ತಿದ್ದೆ. ಅಂಗಡಿಯವರು ಹುರುಪಿನಿಂದ ಏನೋ ಕೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಕೆಳಮನೆಯ ಮುದುಕಿ ಒಂದು ದಿನ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು ಹೋಗಿದ್ದಳು. ಮೇಲಿನಿಂದ ಬರುತ್ತಿದ್ದ ಹಾಡು ನಿಂತಿದೆ ಎಂದು ಅವಳಿಗೆ ತಿಳಿದಿತ್ತು.

ಗಜೇಂದ್ರಗಡದಿಂದ ಅವ್ವ ದಿನಾ ಫೋನು ಮಾಡುತ್ತಿದ್ದಳು. ಗಂಟಲು ಕೆಟ್ಟಿದೆ, ಡಾಕ್ಟರು ಮಾತಾಡಬೇಡ ಎಂದಿದ್ದಾರೆ ಎಂದಷ್ಟೇ ಹೇಳಿದ್ದೆ. ಅವಳಿಗೆ ಅದೊಂದೇ ಚಿಂತೆಯಾಯಿತು. ಮಗ ಮೂಕನಾದನೇ ಎಂದು ಓಣಿಯವರ ಮುಂದೆಲ್ಲ ಅತ್ತಳಂತೆ. ದರ್ಗಾಕ್ಕೆ ಹರಕೆ ಹೊತ್ತಳಂತೆ.

ಕಡೆಗೆ ಡಾಕ್ಟರು ಕರೆದರು. ಮತ್ತೆ ಕ್ಯಾಮೆರಾ. ಕೆಂಪು ಹೋಗಿತ್ತು. ಎರಡೂ ಪಟ್ಟಿ ಬಿಳಿಯಾಗಿದ್ದವು. ನನ್ನ ಎದೆ ಹಗುರಾಯಿತು. ಆಕೆಯ ಮುಖ ಮಾತ್ರ ಹಾಗಿರಲಿಲ್ಲ.

"ಮಾತಾಡು," ಎಂದರು.

"ಏನ್ ಮಾತಾಡ್ಲಿ ಅಕ್ಕಾ?" ಎಂದ ದಾವಲ.

ದಪ್ಪ ದನಿ. ಅಪ್ಪನದೇ ದನಿ. ಸ್ವಲ್ಪ ತುಕ್ಕು ಹಿಡಿದ ಹಾಗಿತ್ತು, ಅಷ್ಟೇ. ನಾನು ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಆಕೆ ಮೇಲಿನ ದನಿಯಲ್ಲಿ ಮೆಲ್ಲಗೆ ಒಂದು ಸ್ವರ ತೆಗೆ ಎಂದರು. ದಾವಲ ಕಣ್ಣು ಮುಚ್ಚಿ ಬಾಯಿ ತೆರೆದ. ಗಾಳಿ ಬಂತು. ಇನ್ನಷ್ಟು ಕೆಳಗೆ ಎಂದರು. ಗಾಳಿ, ಅದರ ನಡುವೆ ಎಳೆಯಷ್ಟು ಒಡಕು ಸದ್ದು. ಇನ್ನೂ ಕೆಳಗೆ ಬಂದ ಮೇಲೆ ಮಾತಿನ ದನಿ ಸಿಕ್ಕಿತು. ಆಕೆ ಸಾಕು ಎಂದು, ಪರದೆಯ ಮೇಲೆ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಲೆ ತೋರಿಸಿದರು. ಅಲ್ಲಿ ಗಾಯ ಮಾಯ್ದು ಗಟ್ಟಿಯಾಗಿದೆ, ಮಾತಿಗೆ ಅದರಿಂದ ತೊಂದರೆಯಿಲ್ಲ, ಆದರೆ ಆ ಎತ್ತರದ ದನಿಗೆ ಅಂಚು ಪೂರಾ ನುಣುಪಾಗಿರಬೇಕು ಎಂದರು. ಮತ್ತೆ ಬರುತ್ತದೆಯೇ ಎಂದು ನಾನು ಕೇಳಿದೆ. ಬರುತ್ತದೆ ಎಂದು ನಂಬಿ ಕೂತುಕೊಳ್ಳಬೇಡಿ ಎಂದರು. ಅವರೂ ಮರೈಕೆಯ ಹಾಗೆಯೇ, ಮುಖ ನೋಡಿ ಹೇಳಿದರು.

ಕೋಣೆಗೆ ಬಂದು ಮೆಟ್ಟಿಲು ಹತ್ತುವಷ್ಟರಲ್ಲಿ ಅವ್ವನ ಫೋನು. ನಾನು ತೆಗೆದು ದಾವಲನಿಗೆ ಕೊಟ್ಟೆ. ಅವನು ಸ್ಪೀಕರ್ ಹಾಕಿ ಮಂಚದ ಮೇಲೆ ಕೂತ.

"ಅವ್ವಾ," ಎಂದ.

ಆ ಕಡೆ ಅವ್ವ ಅಳತೊಡಗಿದಳು.

"ಬಂತೇನೋ ಯಪ್ಪಾ ದನಿ? ಇನ್ನೊಮ್ಮೆ ಮಾತಾಡೋ."

"ಬಂತವ್ವಾ. ಆರಾಮ ಅದೀನಿ."

"ಮೊದಲಿನಂಗ ಐತಿ. ಒಂದಿಷ್ಟೂ ಫರಕ ಇಲ್ಲ. ಹೌದಿಲ್ಲೋ?"

ದಾವಲ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ.

"ಹೌದವ್ವಾ. ಮೊದಲಿನಂಗ ಐತಿ," ಎಂದ.

ಅವ್ವ ಖುಷಿಯಲ್ಲಿ ಫೋನು ಇಡುವುದನ್ನೇ ಮರೆತಳು. ಅವಳು ಬಾಗಿಲಿಗೆ ಹೋಗಿ ಓಣಿಯವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ, "ನಮ್ಮ ದಾವಲನ ದನಿ ಬಂತ್ರಿ, ಮೊದಲಿನಂಗ ಬಂತ್ರಿ," ಎಂದು ಹೇಳುವುದು ನಮಗೆ ಕೇಳುತ್ತಿತ್ತು. ಯಾರೋ ಚಲೋ ಆತು ಬಿಡ್ರಿ ಎಂದರು. ಸಕ್ಕರೆ ಹಂಚಲು ಡಬ್ಬಿ ತೆಗೆದ ಸದ್ದು ಕೂಡ ಕೇಳಿತು. ನಾವಿಬ್ಬರೂ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿದೆವು. ಫೋನು ಕಟ್ ಮಾಡಲು ಇಬ್ಬರಿಗೂ ಕೈ ಬರಲಿಲ್ಲ.